17ನೇ ಶತಮಾನದ ಅಮೆರಿಕದ ಮಹಿಳೆಯ ತವರುಮನೆ ಪತ್ತೆ ಹಚ್ಚುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: 1670ರ ದಶಕದಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿದ್ದ ಮೇರಿ ಎಂಬಾಕೆಯ ಗಂಡನ ಮನೆತನ ಗೊತ್ತು, ತವರು ಯಾವುದೆಂದು ಗೊತ್ತಿಲ್ಲ. ಆಕೆಯ ಹೆಸರಿನ ಬೆನ್ನು ಹತ್ತಬೇಡಿ, ಆಸ್ತಿಯ ಬೆನ್ನು ಹತ್ತಿ. ಮದುವೆಯಾದ ಹೆಂಗಸಿನ ಹೆಸರಲ್ಲಿ ಆಗ ಕಾಗದಪತ್ರ ಹುಟ್ಟುತ್ತಿದ್ದುದೇ ಅಪರೂಪ. ಆದರೆ ತವರಿನ ಆಸ್ತಿ ಪಾಲಾಗುವಾಗ ಹೆಣ್ಣುಮಕ್ಕಳ ಹೆಸರು ಸಾಮಾನ್ಯವಾಗಿ ಬರುತ್ತದೆ.

ಮೊದಲು ಟೋರಿ ಅವರ ಪಟ್ಟಿ ನೋಡಿ. 1700ಕ್ಕಿಂತ ಹಿಂದಿನ ನ್ಯೂ ಇಂಗ್ಲೆಂಡ್ (ಮ್ಯಾಸಚೂಸೆಟ್ಸ್ ಸೇರಿದ ಈಶಾನ್ಯ ಅಮೆರಿಕದ ಭಾಗ) ಮದುವೆಗಳು ಅದರಲ್ಲಿವೆ. ಅಲ್ಲಿ ತವರಿನ ಹೆಸರು ಖಾಲಿಯಿದ್ದರೆ, ಗಂಡನ ಊರು ಮತ್ತು ಅಕ್ಕಪಕ್ಕದ ಊರುಗಳಲ್ಲಿ ಆಕೆಗಿಂತ 20–40 ವರ್ಷ ಹಿರಿಯರಾದ ಗಂಡಸರ ಉಯಿಲುಗಳನ್ನು ಓದಿ. ಅವುಗಳಲ್ಲಿ ಮಗಳ ಹೆಸರು ಎಷ್ಟೋ ಸಲ ಗಂಡನ ಮನೆತನದ ಜೊತೆಗೇ ಇರುತ್ತದೆ. ಉಯಿಲಿಲ್ಲದಿದ್ದರೆ ಪಾಲುಪಟ್ಟಿ, ಅಳಿಯಂದಿರು ಸಹಿ ಮಾಡಿದ ರಸೀದಿಗಳು ಸಿಗಬಹುದು. ಆಮೇಲೆ ಕ್ರಯಪತ್ರಗಳು. ಅವುಗಳ ನೋಂದಣಿ ಸೂಚಿಯಲ್ಲಿ (ಹೆಸರುಗಳ ಪಟ್ಟಿಯಲ್ಲಿ) ಬಹುಮಟ್ಟಿಗೆ ಗಂಡನ ಹೆಸರಷ್ಟೇ ಇರುತ್ತದೆ, ಹಾಗಾಗಿ ಪತ್ರವನ್ನು ಪೂರ್ತಿ ಓದಿ: "ನನ್ನ ಹೆಂಡತಿಗೆ ಆಕೆಯ ತಂದೆಯಿಂದ ಬಂದ ಜಮೀನು" ಎಂಬಂಥ ಒಂದು ಸಾಲು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಬರೆದ ಎಷ್ಟೋ ವರ್ಷಗಳ ನಂತರ ನೋಂದಣಿಯಾದ ಪತ್ರಗಳಿವೆ, ಆದ್ದರಿಂದ ಮುಂದಿನ ಮೂರು ದಶಕಗಳ ಸೂಚಿಯನ್ನೂ ನೋಡಿ. ವಂಶದಾಖಲೆಗಳ ಜಾಲತಾಣವಾದ ಫ್ಯಾಮಿಲಿಸರ್ಚ್‌ನ ಫುಲ್ ಟೆಕ್ಸ್ಟ್ ಸರ್ಚ್ ಹಳೆಯ ಕೈಬರಹದೊಳಗಿನ ಹೆಸರನ್ನೂ ಹುಡುಕಿಕೊಡುತ್ತದೆ, ದುಡ್ಡು ಕೊಡಬೇಕಿಲ್ಲ.

ಮನೆಯವರು ಹೇಳಿಕೊಂಡು ಬಂದದ್ದನ್ನು ಮಾತ್ರ ನೆಚ್ಚಬೇಡಿ. ಇಂಗ್ಲೆಂಡಿನಿಂದ ವಲಸಿಗರನ್ನು ತಂದ ಮೇಫ್ಲವರ್ ಹಡಗಿನಲ್ಲಿ 1620ರಲ್ಲಿ ಬಂದ ಜಾನ್ ಹೌಲ್ಯಾಂಡ್‌ನ ಹೆಂಡತಿ ಎಲಿಜಬೆತ್ ಆ ವಲಸಿಗರ ಪ್ಲಿಮತ್ ವಸಾಹತಿನ ಗವರ್ನರ್ ಕಾರ್ವರ್‌ನ ಮಗಳೆಂದು ತಲೆಮಾರುಗಳ ಕಾಲ ನಂಬಿದ್ದರು. ಆ ವಸಾಹತಿನ ಮುಂದಿನ ಗವರ್ನರ್ ಬ್ರಾಡ್‌ಫರ್ಡ್ ಬರೆದಿಟ್ಟ, ಕಳೆದುಹೋಗಿದ್ದ ಇತಿಹಾಸದ ಹಸ್ತಪ್ರತಿ 1855ರಲ್ಲಿ ಲಂಡನ್ನಿನಲ್ಲಿ ಪತ್ತೆಯಾದಾಗ ಆಕೆ ಜಾನ್ ಟಿಲ್ಲಿಯ ಮಗಳೆಂಬುದು ಸ್ಪಷ್ಟವಾಯಿತು. ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್‌ನ ಹೆನ್ಲೋ ಚರ್ಚಿನಲ್ಲಿ 1607ರ ಆಕೆಯ ದೀಕ್ಷಾಸ್ನಾನದ ದಾಖಲೆಯೂ ಇದೆ. ಅಂತರ್ಜಾಲದ ಎಷ್ಟೋ ವಂಶವೃಕ್ಷಗಳು ಒಂದನ್ನೊಂದು ನಕಲು ಮಾಡಿದಂಥವು. ಹತ್ತು ಕಡೆ ಒಂದೇ ಹೆಸರು ಕಂಡರೂ ಅದು ಹತ್ತು ಸಾಕ್ಷಿಯಲ್ಲ.

ತಾರೀಖಿನಲ್ಲಿ ಬಹಳ ಜನ ಎಡವುತ್ತಾರೆ. 1752ಕ್ಕೆ ಮುಂಚೆ ಅಲ್ಲಿ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. 1675ರ ನವೆಂಬರ್‌ನಲ್ಲಿ ಮದುವೆಯಾದವಳ ಹೆಸರು 1675ರ ಫೆಬ್ರವರಿಯ ಉಯಿಲಿನಲ್ಲಿ ಗಂಡನ ಮನೆತನದೊಂದಿಗೆ ಬಂದಿದ್ದರೆ ತಪ್ಪೇನಿಲ್ಲ. ಆ ಫೆಬ್ರವರಿ ಬಂದದ್ದು ನವೆಂಬರ್‌ನ ಮೇಲೆ, ನಮ್ಮ ಲೆಕ್ಕದಲ್ಲಿ 1676. ಸಂಬಂಧದ ಪದಗಳಲ್ಲೂ ಹುಷಾರಾಗಿರಿ: "ಮದರ್-ಇನ್-ಲಾ" ಎಂದು ಮಲತಾಯಿಯನ್ನೂ, "ಡಾಟರ್" ಎಂದು ಸೊಸೆಯನ್ನೂ ಬರೆಯುತ್ತಿದ್ದರು. "ಜೂನಿಯರ್" ಎಂದರೆ ಅದೇ ಊರಿನ ಅದೇ ಹೆಸರಿನ ಕಿರಿಯ, ಮಗನೇ ಆಗಬೇಕಿಲ್ಲ.

ಡಿಎನ್ಎ ಕೊನೆಗಿರಲಿ. ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದ ಡಿಎನ್ಎ ನೋಡುವ ಮಾಮೂಲಿ ಆಟೋಸೋಮಲ್ ಪರೀಕ್ಷೆ ಹತ್ತು ಹನ್ನೆರಡು ತಲೆಮಾರಿನ ಹಿಂದಕ್ಕೆ ಉಪಯೋಗವಿಲ್ಲ. ತಾಯಿಯಿಂದ ಮಗಳಿಗೆ ದಾಟುತ್ತಾ ಹೋಗುವ ಮೈಟೋಕಾಂಡ್ರಿಯಾ ಪರೀಕ್ಷೆ ಮಾಡಿಸಬಹುದು, ಆದರೆ ಮೇರಿಯಿಂದ ಇವತ್ತಿನವರೆಗೆ ಕೊಂಡಿ ತಪ್ಪದ ಹೆಣ್ಣುಸಾಲು ಬೇಕು. ಆಕೆಯ ಒಡಹುಟ್ಟಿದವಳೆಂದು ನೀವು ಊಹಿಸಿದ ಹೆಂಗಸಿನ ಹೆಣ್ಣುಸಾಲಿನವರೂ ಒಬ್ಬರು ಪರೀಕ್ಷೆಗೆ ಒಪ್ಪಬೇಕು. ಎರಡೂ ಸಾಲು ದಾಖಲೆಯಲ್ಲಿ ಗಟ್ಟಿಯಾಗಿದ್ದು ಫಲಿತಾಂಶ ತೀರಾ ಬೇರೆ ಬಂದರೆ ಅವರು ಒಬ್ಬ ತಾಯಿಯ ಮಕ್ಕಳಲ್ಲ. ಹೊಂದಿಬಂದರೂ ಉಯಿಲೋ ಕ್ರಯಪತ್ರವೋ ಜೊತೆಗಿರಲೇಬೇಕು, ಏಕೆಂದರೆ ಅದೇ ಗುರುತು ಸಂಬಂಧವೇ ಇಲ್ಲದಂತೆ ಕಾಣುವ ನೂರಾರು ಮನೆತನಗಳಲ್ಲೂ ಇರಬಹುದು.