ವಾರಂಟ್ ಇಲ್ಲದೆ ಮನೆ ಶೋಧಿಸಿದರೆ ಅಪೀಲಿನಲ್ಲಿ ಶಿಕ್ಷೆ ರದ್ದಾಗುತ್ತಾ?

ಗಾಂಜಾ ಕೇಸಿನಲ್ಲಿ ನಿಮ್ಮ ತಮ್ಮನಿಗೆ 10 ವರ್ಷ ಶಿಕ್ಷೆಯಾಗಿದೆ. ರಾತ್ರಿ ವಾರಂಟ್ ಇಲ್ಲದೆ ಬಂದ ಸಬ್ ಇನ್‌ಸ್ಪೆಕ್ಟರ್‌ಗೆ ಮನೆಯಲ್ಲಿ 22 ಕೆ.ಜಿ. ಸಿಕ್ಕಿದೆ. ಹೈಕೋರ್ಟಿನಲ್ಲಿ ಬಿಡುಗಡೆ ಆಗುತ್ತಾ, ಇಲ್ಲ ಶಿಕ್ಷೆ ಇನ್ನೂ ಜಾಸ್ತಿ ಆಗಿಬಿಡುತ್ತಾ ಅಂತ ಕೇಳಿದ್ದೀರಿ. ನಾನು ಇಂಥ ಅಪೀಲು ನಡೆಸುವ ವಕೀಲ.

‘ವಾರಂಟ್ ಇರಲಿಲ್ಲ’ ಅನ್ನುವುದೊಂದೇ ಸಾಲದು. ಮಾದಕ ವಸ್ತುಗಳ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯ 42ನೇ ಸೆಕ್ಷನ್ ವಾರಂಟ್ ಇಲ್ಲದೆಯೂ ಮನೆ ಶೋಧಿಸಲು ಬಿಡುತ್ತದೆ. ಆದರೆ ಬಂದ ಸುಳಿವನ್ನು ಮೊದಲು ಬರೆದಿಡಬೇಕು. ಕತ್ತಲಾದ ಮೇಲೆ ಹೋಗುವುದಾದರೆ, ವಾರಂಟ್ ತರುವಷ್ಟರಲ್ಲಿ ಮಾಲು ಸಾಗಿಸಿಬಿಡುತ್ತಾರೆ ಅಂತ ಯಾಕೆ ಅನಿಸಿತು ಅನ್ನುವುದನ್ನೂ ಬರೆಯಬೇಕು. 72 ಗಂಟೆಯೊಳಗೆ ಪ್ರತಿ ಮೇಲಧಿಕಾರಿಗೆ ತಲುಪಬೇಕು. 2009ರಲ್ಲಿ ಕರ್ನೈಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಸ್ಪಷ್ಟಪಡಿಸಿತು: ತಡವಾಗಿದ್ದರೆ ಒಪ್ಪುವಂಥ ಕಾರಣ ಕೊಟ್ಟರೆ ಸಾಕು, ಏನೂ ಮಾಡದೇ ಇದ್ದರೆ ಆಗದು. ಅದಕ್ಕೇ ನಾನು ತೀರ್ಪಿಗಿಂತ ಮೊದಲು ಶೋಧ ಮಾಡಿದ ಅಧಿಕಾರಿಯ ಪಾಟೀಸವಾಲು ಓದುತ್ತೇನೆ. ಸುಳಿವು ಬರೆದಿಟ್ಟ ಆ ಕಾಗದ ಕೋರ್ಟಿಗೆ ಹಾಜರಾಗಿದೆಯಾ, ಅದರ ಮೇಲೆ ಯಾವ ತಾರೀಕು, ಎಷ್ಟು ಗಂಟೆ ಅಂತ ಇದೆ? ಎಷ್ಟೋ ಅಪೀಲುಗಳು ಇಲ್ಲೇ ತಿರುಗುತ್ತವೆ.

ಶಿಕ್ಷೆಯ ವಿಷಯಕ್ಕೆ ಬಂದರೆ, 22 ಕೆ.ಜಿ. ನಿಜವೇ ಆದರೆ ಬಡತನ, ಚಿಕ್ಕ ಮಕ್ಕಳು ಅಂತ ಎಷ್ಟು ಬೇಡಿಕೊಂಡರೂ 10 ವರ್ಷಕ್ಕಿಂತ ಕೆಳಗೆ ಇಳಿಸಲು ಬರುವುದಿಲ್ಲ. 20 ಕೆ.ಜಿ. ದಾಟಿದರೆ ಅದೇ ಕನಿಷ್ಠ. ಅದಕ್ಕಿಂತ ಕಡಿಮೆಯಾದರೆ ಕನಿಷ್ಠ ಶಿಕ್ಷೆ ಅನ್ನುವುದೇ ಇಲ್ಲ. ಹಾಗಾಗಿ ವಾದ ಮಾಡಬೇಕಾದ್ದು ತೂಕದ ಮೇಲೆ. ಚೀಲ ಸೇರಿಸಿ ತೂಗಿದ್ದಾರಾ? ಕಾನೂನಿನ ಪ್ರಕಾರ ಗಾಂಜಾ ಅಂದರೆ ಗಿಡದ ಹೂವು ಅಥವಾ ಕಾಯಿ ಇರುವ ತುದಿ. ತುದಿಯಿಲ್ಲದ ಬರೀ ಎಲೆ, ಬೀಜ ಲೆಕ್ಕಕ್ಕಿಲ್ಲ. ಮಾಲು ವಶಪಡಿಸಿಕೊಂಡಾಗ ಬರೆದ ಮಹಜರಿನಲ್ಲಿ ಏನು ಬರೆದಿದ್ದಾರೆ ಅಂತ ಪದ ಪದ ನೋಡಿ.

ಶಿಕ್ಷೆ ಹೆಚ್ಚಾಗುತ್ತದೆ ಅಂತ ಹೆದರಿ ಸುಮ್ನೆ ಕೂರಬೇಡಿ. ನೀವು ಹಾಕಿದ ಅಪೀಲಿನಲ್ಲೇ ಶಿಕ್ಷೆ ಏರಿಸುವಂತಿಲ್ಲ. ಅದಕ್ಕೆ ಬೇರೆ ಪ್ರಕ್ರಿಯೆ ಇದೆ, ಆಗಲೂ ನಿಮ್ಮ ತಮ್ಮನ ಮಾತು ಕೇಳಲೇಬೇಕು.

ಹೈಕೋರ್ಟಿಗೆ 60 ದಿನದೊಳಗೆ ಅಪೀಲು ಹಾಕಬೇಕು. ವಕೀಲರಿಗೆ ದುಡ್ಡಿಲ್ಲದಿದ್ದರೂ ಪರವಾಗಿಲ್ಲ. ಜೈಲಿನಲ್ಲಿರುವವರಿಗೆ ಉಚಿತ ವಕೀಲರು ಸಿಗುತ್ತಾರೆ. ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸುವ ಅರ್ಜಿಯನ್ನು ನಿಮ್ಮ ತಮ್ಮ ಜೈಲಿನಿಂದಲೇ ಬರೆದುಕೊಡಬಹುದು.