ನ್ಯಾಯಮೂರ್ತಿ ಮೈಕೆಲ್ ಕರ್ಬಿ: ಭಿನ್ನಮತವೂ ಬೆಂಗಳೂರಿನ ನಂಟೂ

ಆಸ್ಟ್ರೇಲಿಯಾದ ನ್ಯಾಯಮೂರ್ತಿ ಮೈಕೆಲ್ ಕರ್ಬಿ ಅವರ ಭಿನ್ನತೀರ್ಪುಗಳಿಂದ (ಪೀಠದ ಬಹುಮತವನ್ನು ಒಪ್ಪದೆ ಬರೆದ ತೀರ್ಪುಗಳಿಂದ) ಏನಾದರೂ ಪ್ರಯೋಜನವಾಯಿತೇ, ಬೆಂಗಳೂರಿನೊಂದಿಗೆ ಅವರ ಹೆಸರು ಏಕೆ ಕೇಳಿಬರುತ್ತದೆ ಎಂದು ತಾವು ಕೇಳಿದ್ದೀರಿ.

ಎರಡನೆಯದನ್ನು ಮೊದಲು ಹೇಳುತ್ತೇನೆ. 1988ರ ಫೆಬ್ರುವರಿಯಲ್ಲಿ ಭಾರತದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರು ಬೆಂಗಳೂರಿನಲ್ಲಿ ಕರೆದಿದ್ದ ನ್ಯಾಯಾಧೀಶರ ಸಭೆಗೆ, ಆಗ ನ್ಯೂ ಸೌತ್ ವೇಲ್ಸ್‌ನ ಮೇಲ್ಮನವಿ ನ್ಯಾಯಾಲಯದ ಅಧ್ಯಕ್ಷರಾಗಿದ್ದ ಕರ್ಬಿ ಬಂದಿದ್ದರು. ದೇಶದ ಕಾನೂನು ಅಸ್ಪಷ್ಟವಾಗಿರುವಲ್ಲಿ ನ್ಯಾಯಾಧೀಶರು ಅಂತರರಾಷ್ಟ್ರೀಯ ಮಾನವ ಹಕ್ಕುಗಳ ನಿಯಮಗಳ ನೆರವು ಪಡೆಯಬಹುದು ಎಂಬ ‘ಬೆಂಗಳೂರು ತತ್ವಗಳು’ ಅಲ್ಲಿಯೇ ರೂಪುಗೊಂಡವು. 1996ರಲ್ಲಿ ಹೈಕೋರ್ಟಿಗೆ, ಅಂದರೆ ಆ ದೇಶದ ಅತ್ಯುನ್ನತ ನ್ಯಾಯಾಲಯಕ್ಕೆ, ನೇಮಕಗೊಂಡ ಮೇಲೂ ಅವರು ಆ ನಿಲುವನ್ನು ಬಿಡಲಿಲ್ಲ.

ಭಿನ್ನಮತದ ವಿಚಾರಕ್ಕೆ 2004ರ ಅಲ್-ಕತೇಬ್ ಪ್ರಕರಣವೊಂದೇ ಸಾಕು. ಕುವೈತಿನಲ್ಲಿ ಹುಟ್ಟಿದ, ಯಾವ ದೇಶದ ಪೌರತ್ವವೂ ಇಲ್ಲದ ಪ್ಯಾಲೆಸ್ಟೀನಿ ಯುವಕನೊಬ್ಬ ತನ್ನನ್ನು ಹೊರಗೆ ಕಳುಹಿಸಿಬಿಡಿ ಎಂದು ತಾನೇ ಕೇಳಿಕೊಂಡರೂ ಸೇರಿಸಿಕೊಳ್ಳುವ ದೇಶ ಸಿಗಲಿಲ್ಲ. ಅಂಥವನನ್ನು ಅನಿರ್ದಿಷ್ಟ ಕಾಲ ಬಂಧನದಲ್ಲಿಡಬಹುದೆಂದು ನಾಲ್ವರು ನ್ಯಾಯಮೂರ್ತಿಗಳು ಹೇಳಿದರು. ಕರ್ಬಿ ಸೇರಿ ಮೂವರು ಒಪ್ಪಲಿಲ್ಲ. ಕರ್ಬಿ 2009ರಲ್ಲಿ ನಿವೃತ್ತರಾದರು. 2023ರ ನವೆಂಬರಿನಲ್ಲಿ ಅದೇ ಹೈಕೋರ್ಟು ಆ ಬಹುಮತದ ತೀರ್ಪನ್ನು ತಳ್ಳಿಹಾಕಿತು. ಭಿನ್ನತೀರ್ಪು ಬರೆದವರ ಶ್ರಮ ವ್ಯರ್ಥವೆಂಬ ಮಾತನ್ನು ನಾನಂತೂ ಒಪ್ಪಲಾರೆ. ಹತ್ತೊಂಬತ್ತು ವರ್ಷ ತಡವಾದರೂ ಆ ಪ್ರಶ್ನೆ ಮತ್ತೆ ಅದೇ ನ್ಯಾಯಾಲಯದ ಮುಂದೆ ಬಂತು.