ಮೆದುಳು ಮೊದಲೇ ತೀರ್ಮಾನಿಸಿದರೆ ಹೊಣೆ ಯಾರದ್ದು?

ನಿರ್ಧಾರವನ್ನು ಮೆದುಳು ನಮಗಿಂತ ಮೊದಲೇ ಮಾಡಿರುತ್ತದೆ ಅಂದ್ಮೇಲೆ, ಸಿಟ್ಟಲ್ಲಿ ಆಡಿದ ಮಾತಿಗೆ ನಾನು ಹೇಗೆ ಹೊಣೆ ಅಂತ ಕೇಳಿದ್ದೀರಿ. ಬಹುಶಃ ನಿಮ್ಮ ಮನಸ್ಸಲ್ಲಿರುವುದು ನರವಿಜ್ಞಾನಿ ಬೆಂಜಮಿನ್ ಲಿಬೆಟ್ 1983ರಲ್ಲಿ ಪ್ರಕಟಿಸಿದ ಪ್ರಯೋಗ. ಮನಸ್ಸಾದಾಗ ಕೈ ಆಡಿಸಿ ಅಂತ ಜನರಿಗೆ ಹೇಳಿದ್ದರು. 'ಈಗ ಆಡಿಸೋಣ' ಅಂತ ಅವರಿಗೆ ಅನ್ನಿಸಿದ್ದು ಕೈ ಆಡುವ ಸುಮಾರು 200 ಮಿಲಿಸೆಕೆಂಡ್ ಮೊದಲು. ಮೆದುಳಿನ ವಿದ್ಯುತ್ ಸಂಕೇತ ಅದಕ್ಕೂ ಮುಂಚೆಯೇ ಏರತೊಡಗಿತ್ತು.

ಆದರೆ ಒಂದು ವಿಷಯ ಗಮನಿಸಿ. ಅಲ್ಲಿ ಕೈ ಆಡಿಸಲು ಕಾರಣವೇ ಇರಲಿಲ್ಲ. ಈಗ ಆಡಿಸಿದರೂ ಒಂದೇ, ಆಮೇಲೆ ಆಡಿಸಿದರೂ ಒಂದೇ. ಆ ಸಂಕೇತ ತೀರ್ಮಾನವೇ ಅಲ್ಲ, ಮೆದುಳಿನಲ್ಲಿ ಸುಮ್ನೆ ನಡೆಯುವ ಏರಿಳಿತ ಇರಬಹುದು ಅಂತ 2012ರಲ್ಲಿ ಇನ್ನೊಬ್ಬ ನರವಿಜ್ಞಾನಿ ಆರನ್ ಶುರ್ಗರ್ ಮತ್ತು ಜೊತೆಗಾರರು ತೋರಿಸಿದರು. ಕೊನೇ ಗಳಿಗೆಯಲ್ಲಿ ಬೇಡ ಅನ್ನುವ ಶಕ್ತಿ ನಮಗಿದೆ ಅಂತ ಲಿಬೆಟ್ ಅವರೇ ನಂಬಿದ್ದರು.

ನಿಮ್ಮ ಸಿಟ್ಟಿನ ವಿಷಯಕ್ಕೆ ಬರೋಣ. ಖಾರವಾದ ಮೆಸೇಜ್ ಟೈಪ್ ಮಾಡಿದ್ದೀರಿ, ಹೆಬ್ಬೆರಳು ಸೆಂಡ್ ಬಟನ್ ಮೇಲಿದೆ. ಓದುವವರ ಮುಖ ಕಣ್ಮುಂದೆ ಬರುತ್ತದೆ. ಒಂದೊಂದೇ ಅಕ್ಷರ ಅಳಿಸುತ್ತೀರಿ. ಸಿಟ್ಟು ಬರಲಿ ಅಂತ ನೀವು ಆರಿಸಿಕೊಂಡಿರಲಿಲ್ಲ, ನಿಜ. ಆದರೆ ಈ ಸಿಟ್ಟು ನನ್ನನ್ನು ನಡೆಸಬಾರದು ಅನ್ನುವ ಇನ್ನೊಂದು ಆಸೆಯೂ ನಿಮ್ಮದೇ ಅಲ್ವಾ? ತತ್ವಜ್ಞಾನಿ ಹ್ಯಾರಿ ಫ್ರಾಂಕ್‌ಫರ್ಟ್ 1971ರಲ್ಲಿ ಇಚ್ಛಾಸ್ವಾತಂತ್ರ್ಯವನ್ನು ಹುಡುಕಿದ್ದು ಇಲ್ಲೇ, ಆಸೆಯ ಬಗ್ಗೆ ಇರುವ ಆಸೆಯಲ್ಲಿ. ಆ ಆಸೆಗೂ ಹಿಂದೆ ಕಾರಣಗಳಿರುತ್ತವೆ, ಒಪ್ಪುತ್ತೇನೆ. ಕಾರಣ ಇದೆ ಅಂದ ಮಾತ್ರಕ್ಕೆ ಅದು ನಿಮ್ಮದಲ್ಲ ಅನ್ನುವುದನ್ನು ಮಾತ್ರ ನಾನು ಒಪ್ಪಲಾರೆ.